ನಾವೆಯಲ್ಲಿ ಸ್ಥಳ ಸಿಗದವರು

ಶಾಲೆಯ ಸ್ಮರಣಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಚಿಕೆಯ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ, ಶಿಸ್ತು, ಸ್ವಚ್ಛತೆ, ಪರೀಕ್ಷೆಯ ಫಲಿತಾಂಶ, ಹಳೆಯ ವಿದ್ಯಾರ್ಥಿನಿಯರ ಉಪಕಾರಸ್ಮರಣೆ ಎಂಬ ಇವುಗಳಲ್ಲಿ ಒಂದನ್ನು ನಾವು ಆರಿಸಿಕೊಳ್ಳುವೆವೆಂದು ಅವರು ಎಣಿಸಿದ್ದಿರಬೇಕು. ನಾವು ಆರಿಸಿಕೊಂಡ ವಿಷಯವನ್ನು ಕೇಳಿ ಅವರು ಒಂದು ಕ್ಷಣ ಸುಮ್ಮನಾದರು. ಮನುಷ್ಯರು ಭೂಮಿಯನ್ನು ಬಿಟ್ಟು ಬೇರೆ ಗ್ರಹಗಳಲ್ಲಿ ವಾಸಮಾಡಲು ಹೊರಡುವ ಕಾಲ್ಪನಿಕ ಚಲಚ್ಚಿತ್ರಗಳ ವಿಷಯವಾಗಿ ಒಂದು ಬಾಲಿಕಾ ಪಾಠಶಾಲೆಯ ಮುಖ್ಯೋಪಾಧ್ಯಾಯಿನಿಗೆ ಹೇಳುವದೇನಿದೆ ಎಂದು ಅವರಿಗೆ ತೋರಿದ್ದರೆ ಅದು ಅವರ ತಪ್ಪಲ್ಲ. ಒಂದು ವರುಷದ ಕೆಳಗೆ ನಮಗೂ ಹಾಗೆಯೇ ತೋರುತ್ತಿತ್ತು. ಆದರೆ ಹೋದ ಮಳೆಗಾಲದಲ್ಲಿ ಇಂಥ ನಾಲ್ಕು ಚಿತ್ರಗಳನ್ನು ನಮ್ಮ ಬೋರ್ಡಿಂಗಿನ ಮಕ್ಕಳೊಂದಿಗೆ ಕುಳಿತು ನೋಡಿದ ತರುವಾಯ, ನಮ್ಮ ಮೇಜಿನ ಮೇಲಿರುವ ಒಂದು ಪುಸ್ತಕವನ್ನು ಮೊದಲಿನ ಹಾಗೆ ನಿಶ್ಚಿಂತೆಯಿಂದ ತೆರೆಯಲಾರದವರಾದೆವು. ಅದು ಪ್ರವೇಶದ ರಿಜಿಸ್ಟರು. ಆ ಸಂಗತಿಯನ್ನು ಹಳೆಯ ವಿದ್ಯಾರ್ಥಿನಿಯರಾದ ನಿಮ್ಮ ಮುಂದೆಯೂ, ಮಕ್ಕಳ ತಾಯಿತಂದೆಗಳಾದ ನಿಮ್ಮ ಮುಂದೆಯೂ ಮರೆಮಾಚದೆ ಇಡಬೇಕೆಂಬದೇ ಈ ಲೇಖನದ ಉದ್ದೇಶ.

ನಮ್ಮ ಕರಾವಳಿಯ ಮಳೆ ಎಂಥದೆಂದು ಈ ಬೋರ್ಡಿಂಗಿನಲ್ಲಿ ವಾಸಮಾಡಿ ಹೋದವರಿಗೆ ತಿಳಿಯಹೇಳಬೇಕಾಗಿಲ್ಲ. ಜೂನ್ ತಿಂಗಳಿಂದ ಸೆಪ್ಟೆಂಬರಿನ ತನಕ ಆಟದ ಬಯಲು ಕೆರೆಯಾಗಿರುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಶನಿವಾರದ ಸಂಜೆ ೪೦ ಮಂದಿ ಹುಡುಗಿಯರನ್ನು ಒಂದೇ ಮಾಡಿನ ಕೆಳಗೆ ಜಗಳವಿಲ್ಲದೆ ಕೂಡ್ರಿಸುವದು ಸಣ್ಣ ಕೆಲಸವಲ್ಲ. ನಾವು ಬಾಲಿಕೆಯಾಗಿ ಇಂಥದೇ ಇನ್ನೊಂದು ಬೋರ್ಡಿಂಗಿನಲ್ಲಿದ್ದ ಕಾಲದಲ್ಲಿ ಅಂಥ ಸಂಜೆಗಳನ್ನು ಹೊಲಿಗೆಯಿಂದಲೂ ಹಾಡುಗಳಿಂದಲೂ ಕಳೆಯುತ್ತಿದ್ದೆವು. ಹೋದ ವರುಷ ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಬೇರೊಂದು ಉಪಾಯವನ್ನು ಸೂಚಿಸಿದರು. ವಿಜ್ಞಾನದ ಕೋಣೆಯ ಗೋಡೆಯ ಮೇಲೆ ಬಹುಕಾಲದಿಂದ ಒಂದು ಚಿತ್ರ ಅಂಟಿಸಲ್ಪಟ್ಟಿದೆ. ೨೦೧೪ನೆಯ ಇಸವಿ ಸೆಪ್ಟೆಂಬರ್ ೨೪ರಂದು ನಮ್ಮ ದೇಶದ ಮಂಗಳಯಾನ ನೌಕೆಯು ಆ ಗ್ರಹದ ಕಕ್ಷೆಯನ್ನು ಸೇರಿದಾಗ, ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ರೇಷ್ಮೆಸೀರೆಯುಟ್ಟು ಹೂ ಮುಡಿದ ಸ್ತ್ರೀಯರು ಸಂತೋಷದಿಂದ ಒಬ್ಬರನ್ನೊಬ್ಬರು ಅಭಿನಂದಿಸುತ್ತಿರುವ ಚಿತ್ರವದು. ನೌಕೆಯು ೨೦೨೨ರಲ್ಲಿ ಮೌನವಾಯಿತು. ಚಿತ್ರವು ಮಾತ್ರ ಗೋಡೆಯಲ್ಲಿ ಉಳಿದು ವರುಷವರುಷವೂ ಹೊಸ ಹುಡುಗಿಯರನ್ನು ಸೆಳೆಯುತ್ತಿದೆ. “ಅಲ್ಲಿಗೆ ಮನುಷ್ಯರು ಹೋಗುವದು ಯಾವಾಗ, ಟೀಚರ್? ಹೋಗಿ ಇರುವದು ಹೇಗೆ?” ಎಂಬ ಪ್ರಶ್ನೆಗಳಿಗೆ ಉತ್ತರವಾಗಿ, ಈ ವಿಷಯದ ಒಳ್ಳೆಯ ಚಿತ್ರಗಳನ್ನು ತಿಂಗಳಿಗೊಂದರಂತೆ ತೋರಿಸಿ ಅವುಗಳ ಮೇಲೆ ಮಾತಾಡಿಸೋಣವೆಂದು ಅವರು ಕೇಳಿದರು. ಅಷ್ಟೊಂದು ಮನಸ್ಸಿಲ್ಲದೆಯೇ ನಾವು ಒಪ್ಪಿದೆವು.

ಮೊದಲು ತೋರಿಸಿದ ಚಿತ್ರವು ಬಹಳ ಹಳೆಯದು. ೧೯೫೧ರಲ್ಲಿ ಅಮೇರಿಕದ ಜಾರ್ಜ್ ಪಾಲ್ ಎಂಬವರು ತಯಾರಿಸಿದ, ರುಡಾಲ್ಫ್ ಮಾಟೆ ಎಂಬವರು ನಿರ್ದೇಶಿಸಿದ ‘ವ್ಹೆನ್ ವರ್ಲ್ಡ್ಸ್ ಕೊಲೈಡ್’ ಎಂಬದು. ಬೆಲ್ಲಸ್ ಎಂಬ ನಕ್ಷತ್ರವೊಂದು ತನ್ನ ಗ್ರಹವಾದ ಝೈರಾದೊಡನೆ ನಮ್ಮ ಕಡೆಗೆ ಧಾವಿಸಿ ಬರುತ್ತಿದೆ, ಭೂಮಿಯು ಉಳಿಯದು. ಝೈರಾಕ್ಕೆ ಹಾರಿ ಇಳಿದವರು ಮಾತ್ರ ಬದುಕಬಹುದು. ಹೆಂಡ್ರನ್ ಎಂಬ ವಿದ್ವಾಂಸನು ಅದಕ್ಕೋಸ್ಕರ ಒಂದು ಗಗನನೌಕೆಯನ್ನು ಕಟ್ಟಿಸುತ್ತಾನೆ. ನೋಹನ ನಾವೆಯ ವೃತ್ತಾಂತವನ್ನು ನೆನಪಿಗೆ ತರಬೇಕೆಂದೇ ಚಿತ್ರವನ್ನು ಮಾಡಿದ್ದಾರೆ. ಪಶುಪ್ರಾಣಿಗಳೂ ಅದರಲ್ಲಿ ಹತ್ತುತ್ತವೆ. ಮನುಷ್ಯರಿಗೆ ಇರುವ ಸ್ಥಳವಾದರೋ ನಲವತ್ತಕ್ಕೆ ತುಸು ಮಿಕ್ಕದ್ದು. ಕಟ್ಟುವದಕ್ಕೆ ದುಡಿದವರು ಅದಕ್ಕಿಂತ ಎಷ್ಟೋ ಹೆಚ್ಚು. ಆದದರಿಂದ ಚೀಟಿ ಎತ್ತಿ ನಿರ್ಣಯಿಸುತ್ತಾರೆ. ಹಣ ಕೊಟ್ಟ ಶ್ರೀಮಂತನೊಬ್ಬನು, ಹತ್ತತಕ್ಕವರನ್ನು ತಾನೇ ಆರಿಸುವೆನೆಂದು ಹಟ ಹಿಡಿಯುತ್ತಾನೆ. ಹೆಂಡ್ರನನು ಒಪ್ಪುವದಿಲ್ಲ, ಅವನಿಗೆ ಒಂದು ಸ್ಥಳವನ್ನು ಮಾತ್ರ ಕೊಡುತ್ತಾನೆ. ಚೀಟಿ ಬಾರದವರು ಕೊನೆಯ ಗಳಿಗೆಯಲ್ಲಿ ನೌಕೆಯ ಕಡೆಗೆ ನುಗ್ಗಿ ಬರುತ್ತಾರೆ. ಆಗ ಹೆಂಡ್ರನನು ತಾನು ಕೆಳಗೆ ಉಳಿದು, ಆ ಶ್ರೀಮಂತನನ್ನೂ ಉಳಿಸಿಕೊಂಡು, ಇಬ್ಬರ ಭಾರವನ್ನು ಕಡಿಮೆಮಾಡಿ ನೌಕೆಯನ್ನು ಕಳುಹಿಸಿಕೊಡುತ್ತಾನೆ.

ಚಿತ್ರ ಮುಗಿದ ಮೇಲೆ ಹಂಚಿನ ಮೇಲೆ ಬೀಳುವ ಮಳೆಯ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ಆ ಮೇಲೆ ಒಂಭತ್ತನೆಯ ತರಗತಿಯ ಒಬ್ಬಳು ಎದ್ದು, “ಟೀಚರ್, ಹತ್ತಿದವರೆಲ್ಲ ಬಿಳಿಯ ಜನರೇ. ನಮ್ಮಂಥವರಿಗೆ ಚೀಟಿಯನ್ನೇ ಕೊಡಲಿಲ್ಲವೋ?” ಎಂದಳು. ಕೆಲವರು ನಕ್ಕರು. ಆದರೆ ಅವಳು ನಗಿಸಲು ಹೇಳಿದ್ದಲ್ಲ. ಚೀಟಿ ಎತ್ತುವದು ನ್ಯಾಯವೆಂದು ನಾವೆಲ್ಲರೂ ಅಷ್ಟು ಹೊತ್ತು ಒಪ್ಪಿ ನೋಡುತ್ತಿದ್ದೆವು. ಚೀಟಿಯ ಡಬ್ಬಿಯೊಳಗೆ ಯಾರ ಹೆಸರು ಹಾಕಲ್ಪಟ್ಟಿತೆಂದು ವಿಚಾರಿಸಿದವಳು ಅವಳೊಬ್ಬಳೇ.

ವಿಜ್ಞಾನದ ಉಪಾಧ್ಯಾಯಿನಿಯವರು ಆಗ ಮಕ್ಕಳಿಗೆ ಒಂದು ಅಭ್ಯಾಸವನ್ನು ಕೊಟ್ಟರು. ನಿಮಗೊಂದು ನೌಕೆ ದೊರೆತಿದೆ, ಸ್ಥಳ ೪೦, ಯಾರನ್ನು ಹತ್ತಿಸಿಕೊಳ್ಳುವಿರಿ ಎಂದು ಪಟ್ಟಿಮಾಡಿ ತನ್ನಿರಿ ಎಂದರು. ಮರುದಿನ ಪಟ್ಟಿಗಳು ಬಂದವು. ಎಲ್ಲವುಗಳಲ್ಲಿಯೂ ವೈದ್ಯರು, ಇಂಜಿನಿಯರರು, ವಿಜ್ಞಾನಿಗಳು ಮೊದಲಾಗಿ ಕುಳಿತಿದ್ದರು. ರೈತರನ್ನು ಕೆಲವರು ನೆನೆದಿದ್ದರು. ಉಪಾಧ್ಯಾಯಿನಿಯರಲ್ಲಿ ಇಬ್ಬರಿಗೆ ಸ್ಥಳ ಸಿಕ್ಕಿತ್ತು. ಅವರಲ್ಲಿ ನಾವಿರಲಿಲ್ಲವೆಂಬದನ್ನು ಸತ್ಯಕ್ಕೋಸ್ಕರ ಬರೆಯುತ್ತೇವೆ. ಒಬ್ಬಳು ತನ್ನ ಅಜ್ಜಿಯ ಹೆಸರು ಬರೆದು, ಹೊಡೆದುಹಾಕಿ, ಪುನಃ ಬರೆದಿದ್ದಳು. ದಿನಕ್ಕೆ ಮೂರು ಹೊತ್ತು ಅವರಿಗೆ ಅನ್ನ ಮಾಡಿಹಾಕುವ ಅಡಿಗೆಯ ಅಮ್ಮನವರೂ, ಮುಂಜಾನೆ ಅಂಗಳ ಗುಡಿಸುವಾಕೆಯೂ ಒಂದೇ ಒಂದು ಪಟ್ಟಿಯಲ್ಲಿ ಇದ್ದರು. ಅದು ಎಂಟನೆಯ ತರಗತಿಯ ಅತಿ ಚಿಕ್ಕವಳದು. ಅವಳೇ ನಮ್ಮ ಹತ್ತಿರ ಬಂದು, “ನಿಮ್ಮ ಪಟ್ಟಿ ಎಲ್ಲಿ, ಟೀಚರ್?” ಎಂದು ಕೇಳಿದಳು.

ಆ ರಾತ್ರಿ ನಾವು ನಿಜವಾಗಿಯೂ ಬರೆಯಲು ಕುಳಿತೆವು. ಹತ್ತು ಹೆಸರು ಬರೆಯುವದರೊಳಗೆ ಲೇಖನಿ ನಿಂತಿತು. ಯಾಕಂದರೆ ಇಂಥದೊಂದು ಪಟ್ಟಿಯನ್ನು ನಾವು ಎರಡು ತಿಂಗಳ ಹಿಂದೆಯೇ, ಅದೇ ಮೇಜಿನ ಮೇಲೆ, ಅದೇ ಲೇಖನಿಯಿಂದ ಬರೆದು ಮುಗಿಸಿದ್ದೆವು. ಮತ್ತು ಆಗ ನಮ್ಮ ಕೈ ನಿಂತಿರಲಿಲ್ಲ.

ಬೋರ್ಡಿಂಗಿನಲ್ಲಿರುವ ಮಂಚಗಳು ೪೦. ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಖಾಲಿಯಿದ್ದವು ಕೆಲವೇ. ಬೇಡಿಕೆಯ ಅರ್ಜಿಗಳು ಅದಕ್ಕೆ ಮೂರು ಪಾಲು. ಅಂಕಗಳ ಕ್ರಮದಿಂದ ಹೆಸರುಗಳನ್ನು ಬರೆದು ಒಂದು ಗೆರೆ ಎಳೆಯುವದು ಇಲ್ಲಿಯ ಪದ್ಧತಿ. ಪದ್ಧತಿಯು ನ್ಯಾಯವಾದದ್ದೇ, ಇದರಿಂದ ಶಿಫಾರಸಿಗೂ ಹಣಕ್ಕೂ ಎಡೆಯಿಲ್ಲ. ಗೆರೆಯ ಕೆಳಗೆ ಮೂರನೆಯ ಹೆಸರಿನ ಹುಡುಗಿಯು ಘಟ್ಟದ ಬುಡದ ಒಂದು ಹಳ್ಳಿಯಿಂದ ತಾಯಿಯೊಂದಿಗೆ ಎರಡು ಬಸ್ಸು ಬದಲಿಸಿ ಬಂದಿದ್ದಳು. ಗಣಿತದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಂಕ ಕಡಿಮೆ. ತಾಯಿ ಬೀಡಿ ಕಟ್ಟುವಾಕೆ. ಸ್ಥಳ ಸಿಕ್ಕೇ ಸಿಗುವದೆಂಬ ಭರವಸೆಯಿಂದ ಅವರು ಹಸುರು ಬಣ್ಣದ ತಗಡಿನ ಪೆಟ್ಟಿಗೆಯಲ್ಲಿ ಬಟ್ಟೆಬರೆಗಳನ್ನು ತುಂಬಿಕೊಂಡೇ ಬಂದಿದ್ದರು. ಸ್ಥಳವಿಲ್ಲವೆಂದು ನಾವು ತಿಳಿಸಿದಾಗ ಆ ತಾಯಿ ಒಂದು ಮಾತೂ ಎದುರಾಡದೆ, “ಆಯಿತು ಟೀಚರ್” ಎಂದು ಕೈಮುಗಿದು, ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಮಳೆಯಲ್ಲಿಯೇ ಹೊರಟುಹೋದರು. ಹುಡುಗಿಯು ಹಿಂದೆ ನೋಡದೆ ಕೊಡೆಯನ್ನು ತಾಯಿಯ ಮೇಲೆ ಹಿಡಿದು ನಡೆದಳು. ನಾವು ಮುಂದಿನ ಹೆಸರನ್ನು ಕರೆದೆವು.

ಎರಡನೆಯ ಚಿತ್ರ ‘ಇಂಟರ್‌ಸ್ಟೆಲ್ಲರ್’. ಕ್ರಿಸ್ಟೋಫರ್ ನೋಲನ್ ಎಂಬವರು ೨೦೧೪ರಲ್ಲಿ ನಿರ್ದೇಶಿಸಿದ್ದು. ಅದರ ವಿಜ್ಞಾನಕ್ಕೆ ಸಲಹೆ ಕೊಟ್ಟ ಕಿಪ್ ಥಾರ್ನ್ ಎಂಬ ಭೌತವಿಜ್ಞಾನಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರಕಿತು. ಈ ಕಥೆಯಲ್ಲಿ ಭೂಮಿಯ ಬೆಳೆಗಳು ರೋಗದಿಂದ ಒಂದೊಂದಾಗಿ ಸಾಯುತ್ತಿವೆ. ಧೂಳಿನ ಬಿರುಗಾಳಿ ಮನೆಗಳನ್ನು ಮುಚ್ಚುತ್ತದೆ. ಕೂಪರ್ ಎಂಬ ರೈತನು ಪೂರ್ವದಲ್ಲಿ ವಿಮಾನ ನಡಿಸುತ್ತಿದ್ದವನು. ಮನುಷ್ಯರಿಗೆ ಹೊಸ ಮನೆ ಹುಡುಕುವದಕ್ಕೋಸ್ಕರ ಹತ್ತು ವರುಷದ ಮಗಳು ಮರ್ಫಳನ್ನು ಬಿಟ್ಟು ಬಹುದೂರ ಪ್ರಯಾಣಮಾಡುತ್ತಾನೆ. ಕೃಷ್ಣವಿವರವೊಂದರ ಸಮೀಪದಲ್ಲಿರುವ ಗ್ರಹದಲ್ಲಿ ಅವನು ಕಳೆಯುವ ಒಂದು ಗಂಟೆ ಭೂಮಿಯ ಏಳು ವರುಷಗಳಿಗೆ ಸಮ. ಆತನು ನೌಕೆಗೆ ಹಿಂತಿರುಗುವಷ್ಟರಲ್ಲಿ ಇಲ್ಲಿ ೨೩ ವರುಷಗಳು ಕಳೆದುಹೋಗಿವೆ, ಮಕ್ಕಳು ಅವನ ಪ್ರಾಯದವರಾಗಿದ್ದಾರೆ. ಆ ದೃಶ್ಯದಲ್ಲಿ ನಮ್ಮ ಹುಡುಗಿಯರು ಅತ್ತರು. ತಾಯಿತಂದೆ ದೂರದೇಶಗಳಲ್ಲಿ ದುಡಿಯುವ ಮಕ್ಕಳು ನಮ್ಮಲ್ಲಿ ಕೆಲವರಿದ್ದಾರೆ. ಅವರು ಯಾತಕ್ಕೆ ಅತ್ತರೆಂದು ನಾವು ಕೇಳಲಿಲ್ಲ.

ನಮ್ಮನ್ನು ಚುಚ್ಚಿದ್ದಾದರೋ ಬೇರೊಂದು ಚಿಕ್ಕ ದೃಶ್ಯ. ಚಿತ್ರದ ಆರಂಭದಲ್ಲಿ ಕೂಪರನು ಮಕ್ಕಳ ಶಾಲೆಗೆ ಹೋಗುತ್ತಾನೆ. ಅಲ್ಲಿಯ ಮುಖ್ಯೋಪಾಧ್ಯಾಯನು, ಪರೀಕ್ಷೆಯ ಅಂಕಗಳನ್ನು ನೋಡಿ, ನಿಮ್ಮ ಮಗನಿಗೆ ಕಾಲೇಜಿಲ್ಲ, ಅವನು ಒಳ್ಳೆಯ ರೈತನಾಗುವನು ಎಂದು ತಿಳಿಸುತ್ತಾನೆ. ಹುಡುಗನಿಗೆ ಪ್ರಾಯ ೧೫. ಆ ಮುಖ್ಯೋಪಾಧ್ಯಾಯನು ಕ್ರೂರನಲ್ಲ; ಮರ್ಯಾದೆಯಿಂದಲೇ ಮಾತಾಡುತ್ತಾನೆ; ಸ್ಥಳಗಳು ಕಡಿಮೆಯೆಂಬದು ಅವನ ಅಪರಾಧವಲ್ಲ. ಅವನ ಮುಖವನ್ನು ನೋಡುತ್ತ ನೋಡುತ್ತ ಅವನ ಕುರ್ಚಿಯಲ್ಲಿ ಕುಳಿತಿರುವವರು ನಾವೇ ಎಂದು ನಮಗೆ ತೋರಿತು. ಆ ಶಾಲೆಯೇ ಮರ್ಫಳ ಮೇಲೆಯೂ ದೂರು ಹೇಳುತ್ತದೆ. ಮನುಷ್ಯರು ಚಂದ್ರನ ಮೇಲೆ ಇಳಿದದ್ದನ್ನು ಹೇಳುವ ಹಳೆಯ ಪುಸ್ತಕವನ್ನು ಅವಳು ತಂದಳು, ಅದರ ವಿಷಯದಲ್ಲಿ ಇತರ ಮಕ್ಕಳೊಂದಿಗೆ ಜಗಳಾಡಿದಳು ಎಂಬದು ಅವಳ ತಪ್ಪು.

ಕಥೆಯ ಮುಂದಿನ ಭಾಗದಲ್ಲಿ, ಪ್ರಯಾಣದ ಯೋಜನೆಯನ್ನು ಮಾಡಿದ ವೃದ್ಧ ಪ್ರಾಧ್ಯಾಪಕನು ಒಂದು ಸುಳ್ಳನ್ನು ಹೇಳಿದ್ದನೆಂದು ತಿಳಿದುಬರುತ್ತದೆ. ಭೂಮಿಯ ಜನರೆಲ್ಲರನ್ನೂ ಎತ್ತಿಕೊಂಡು ಹೋಗುವೆವೆಂದು ಅವನು ನಂಬಿಸಿದ್ದನು. ಅದು ಆಗದೆಂದು ಅವನಿಗೆ ಬಹುಕಾಲದಿಂದ ಗೊತ್ತಿತ್ತು. ನೌಕೆಯಲ್ಲಿ ಕಳುಹಿಸಿದ ಘನೀಭೂತ ಭ್ರೂಣಗಳಿಂದ ಮನುಷ್ಯಜಾತಿ ಉಳಿದರೆ ಸಾಕು, ಈಗ ಬದುಕಿರುವ ಮನುಷ್ಯರು ಹೋದರೂ ಸರಿ ಎಂಬದು ಅವನ ಮನಸ್ಸಿನ ಲೆಕ್ಕ. ಆದರೆ ಕೊನೆಗೆ ಆ ಬಿಡಿಸಲಾರದ ಲೆಕ್ಕವನ್ನು ಬಿಡಿಸಿ ಜನರನ್ನು ಉಳಿಸಿದವಳು ಯಾರು? ಹಿಂದೆ ಬಿಡಲ್ಪಟ್ಟ ಮರ್ಫಳೇ. ಅದಕ್ಕೆ ಬೇಕಾದ ಅಂಕೆಗಳನ್ನು ದೂರದಿಂದ ತಂದೆ ಮುಟ್ಟಿಸಿದ್ದು ನಿಜ; ಬಿಡಿಸಿದ್ದು ಮಗಳು.

ಮೂರನೆಯದು ‘ವಾಲ್-ಈ’, ಆಂಡ್ರೂ ಸ್ಟ್ಯಾಂಟನ್ ಎಂಬವರು ೨೦೦೮ರಲ್ಲಿ ನಿರ್ದೇಶಿಸಿದ ಬರೆದ ಗೊಂಬೆಗಳ ಚಿತ್ರ. ಚಿಕ್ಕವರಿಗೆಂದು ತರಿಸಿದ್ದನ್ನು ದೊಡ್ಡವರೂ ಕಣ್ಣು ಮಿಟುಕಿಸದೆ ನೋಡಿದರು. ಭೂಮಿಯನ್ನು ಕಸದಿಂದ ತುಂಬಿಸಿದ ಜನರು ಆಕ್ಸಿಯಮ್ ಎಂಬ ದೊಡ್ಡ ನೌಕೆಯಲ್ಲಿ ಹೊರಟುಹೋಗಿ ೭೦೦ ವರುಷಗಳಾಗಿವೆ. ಅಲ್ಲಿ ಅವರು ನಡೆಯುವದನ್ನು ಮರೆತು, ತೇಲುವ ಕುರ್ಚಿಗಳಲ್ಲಿ ಮಲಗಿ, ಯಂತ್ರಗಳು ಬಾಯಿಗಿಟ್ಟದ್ದನ್ನು ಸೇವಿಸುತ್ತ ಶಿಶುಗಳಂತಾಗಿದ್ದಾರೆ. ಭೂಮಿಯಲ್ಲಿ ಉಳಿದದ್ದು ಕಸ ಅದುಮಿ ಇಟ್ಟಿಗೆಮಾಡುವ ಒಂದು ಚಿಕ್ಕ ಯಂತ್ರ. ಅದಕ್ಕೆ ಒಂದು ದಿನ ಕಸದ ನಡುವೆ ಹಸುರು ಸಸಿಯೊಂದು ಸಿಗುತ್ತದೆ. ಹಳೆಯ ಬೂಟಿನಲ್ಲಿ ಮಣ್ಣು ತುಂಬಿ ಅದನ್ನು ಕಾಪಾಡುತ್ತದೆ. ಆ ಸಸಿಯ ದೆಸೆಯಿಂದ ಜನರು ಹಿಂತಿರುಗಿ ಬಂದು, ಪುನಃ ನೆಲದ ಮೇಲೆ ನಿಲ್ಲಲು ಕಲಿಯುತ್ತಾರೆ. ಆ ದಿನ ಎಂಟನೆಯ ತರಗತಿಯ ಆ ಚಿಕ್ಕವಳು, “ನೋಡಿದಿರಾ, ಗುಡಿಸುವವರನ್ನು ಬಿಟ್ಟು ಹೋದದ್ದೇ ತಪ್ಪು” ಎಂದು ತನ್ನ ಪಟ್ಟಿಯನ್ನು ಎತ್ತಿ ಹಿಡಿದಳು. ಇತರರು ತಮ್ಮ ಪಟ್ಟಿಗಳನ್ನು ಸುಮ್ಮನೆ ಮಡಚಿ ಇಟ್ಟುಕೊಂಡರು.

ಇವೆಲ್ಲ ಕಥೆಗಳಷ್ಟೇ, ನಿಜವಾಗಿ ಪರೀಕ್ಷಿಸಿದವರು ಉಂಟೋ ಎಂದು ದೊಡ್ಡ ಹುಡುಗಿಯರು ಕೇಳಿದರು. ಉಂಟು. ಅಮೇರಿಕದ ಅರಿಜೋನಾ ಪ್ರಾಂತದಲ್ಲಿ ‘ಬಯೋಸ್ಫಿಯರ್ ೨’ ಎಂಬ ಗಾಜಿನ ಕಟ್ಟಡವಿದೆ. ಮೂರು ಎಕ್ರೆಗೆ ತುಸು ಮಿಕ್ಕ ಅದರ ಒಳಗೆ ಚಿಕ್ಕದೊಂದು ಕಾಡು, ಚಿಕ್ಕದೊಂದು ಸಮುದ್ರ, ಹೊಲ, ಆಡು, ಕೋಳಿ ಎಲ್ಲವನ್ನೂ ಒದಗಿಸಿ, ೧೯೯೧ನೆಯ ಸೆಪ್ಟೆಂಬರ್ ೨೬ರಂದು ನಾಲ್ವರು ಗಂಡಸರೂ ನಾಲ್ವರು ಹೆಂಗಸರೂ ಒಳಹೊಕ್ಕು ಬಾಗಿಲು ಮುಚ್ಚಿಕೊಂಡರು. ಪರಗ್ರಹದಲ್ಲಿ ಮನುಷ್ಯರು ತಮ್ಮ ಗಾಳಿ ನೀರು ಅನ್ನಗಳನ್ನು ತಾವೇ ಮಾಡಿಕೊಂಡು ಬದುಕಬಲ್ಲರೋ ಎಂದು ಎರಡು ವರುಷ ಪರೀಕ್ಷಿಸುವದು ಅವರ ಉದ್ದೇಶಗಳಲ್ಲೊಂದು. ಏನೇನು ಬೇಕೆಂದು ಬಲ್ಲವರೇ ಪಟ್ಟಿಮಾಡಿದ್ದರು. ಆದಾಗ್ಯೂ ಒಳಗಿನ ಗಾಳಿಯಲ್ಲಿ ನೂರಕ್ಕೆ ೨೧ ಪಾಲಿನಷ್ಟಿದ್ದ ಪ್ರಾಣವಾಯು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಹದಿನಾಲ್ಕೂವರೆಯ ಹತ್ತಿರಕ್ಕೆ ಬಂತು. ಮೆಟ್ಟಲು ಹತ್ತಿದರೆ ಏದುಸಿರು. ೧೯೯೩ರ ಜನವರಿಯಲ್ಲಿ ಹೊರಗಿನಿಂದ ಪ್ರಾಣವಾಯುವನ್ನು ತುಂಬಬೇಕಾಯಿತು. ಕಾರಣವೇನು? ಗೊಬ್ಬರ ಹೆಚ್ಚಾಗಿದ್ದ ಮಣ್ಣಿನೊಳಗಿನ, ಕಣ್ಣಿಗೆ ಕಾಣದ ಜೀವಾಣುಗಳು ಪ್ರಾಣವಾಯುವನ್ನು ಉಸಿರಾಡಿ ಇಂಗಾಲಾಮ್ಲವನ್ನು ಬಿಡುತ್ತಿದ್ದವು. ಆ ಇಂಗಾಲಾಮ್ಲವನ್ನು ಗಿಡಗಳು ತಿರುಗಿ ಪ್ರಾಣವಾಯುವಾಗಿ ಮಾಡುವದಕ್ಕೆ ಮುಂಚೆ ಕಟ್ಟಡದ ಕಾಂಕ್ರೀಟು ಹೀರಿಕೊಳ್ಳುತ್ತಿತ್ತು. ಹೂವಿನಿಂದ ಹೂವಿಗೆ ಪರಾಗ ಒಯ್ಯುವ ಕೀಟಗಳು ಸತ್ತುಹೋದವು. ಇರುವೆ ಜಿರಲೆಗಳು ಹೆಚ್ಚಿದವು.

ಮಂಗಳಗ್ರಹವಾದರೋ ಇದಕ್ಕಿಂತ ಎಷ್ಟೋ ಕಠಿಣ. ಅಲ್ಲಿಯ ಗಾಳಿಯ ಒತ್ತಡ ನಮ್ಮಲ್ಲಿಯದರ ನೂರರಲ್ಲಿ ಒಂದು ಪಾಲಿಗೂ ಕಡಿಮೆ, ಅದೂ ಬಹುಮಟ್ಟಿಗೆ ಇಂಗಾಲಾಮ್ಲ. ಸರಾಸರಿ ಶೈತ್ಯ ಶೂನ್ಯಕ್ಕಿಂತ ೬೦ ಡಿಗ್ರಿ ಕೆಳಗೆ. ಅಲ್ಲಿಯ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ವಿಷದ ಲವಣವಿರುವದೆಂದು ೨೦೦೮ರಲ್ಲಿ ಇಳಿದ ಫೀನಿಕ್ಸ್ ಎಂಬ ಯಂತ್ರ ಕಂಡುಹಿಡಿಯಿತು. ಹೀಗಿರಲಾಗಿ, ನಮಗೆ ಯಾರು ಬೇಕು, ಯಾವದು ಬೇಡ ಎಂಬ ಪಟ್ಟಿಯನ್ನು ತಪ್ಪಿಲ್ಲದೆ ಮಾಡಬಲ್ಲವರು ಯಾರು? ಎಂಟು ಮಂದಿ ಸುಶಿಕ್ಷಿತರ ಉಸಿರು ಮಣ್ಣಿನೊಳಗಿನ ಜೀವಾಣುಗಳ ಕೈಯಲ್ಲಿತ್ತೆಂದು ಬಾಗಿಲು ಮುಚ್ಚಿದ ದಿನ ಯಾರೂ ಎಣಿಸಿರಲಿಲ್ಲ.

ಸೆಪ್ಟೆಂಬರಿನ ಕೊನೆಯಲ್ಲಿ ನಾಲ್ಕನೆಯ ಚಿತ್ರವನ್ನು ನೋಡಿದೆವು: ರಿಡ್ಲಿ ಸ್ಕಾಟ್ ಎಂಬವರು ೨೦೧೫ರಲ್ಲಿ ನಿರ್ದೇಶಿಸಿದ ‘ದಿ ಮಾರ್ಷಿಯನ್’. ಮಂಗಳಗ್ರಹದಲ್ಲಿ ಬಿರುಗಾಳಿಯೆದ್ದಾಗ ಮಾರ್ಕ್ ವಾಟ್ನಿ ಎಂಬವನು ಸತ್ತನೆಂದು ನಂಬಿ, ಸಂಗಡಿಗರು ಅವನನ್ನು ಬಿಟ್ಟು ಹೊರಡುತ್ತಾರೆ. ಅವನು ಸತ್ತಿಲ್ಲ. ಸಸ್ಯಶಾಸ್ತ್ರ ಬಲ್ಲ ಅವನು ಗುಡಾರದೊಳಗೆ ಆ ಗ್ರಹದ ಮಣ್ಣನ್ನು ಹರಡಿ, ಮನುಷ್ಯರ ಮಲವನ್ನೇ ಗೊಬ್ಬರ ಮಾಡಿ, ರಾಕೆಟ್ಟಿನ ಇಂಧನದಿಂದ ನೀರು ಮಾಡಿ, ಬಟಾಟೆ ಬೆಳೆಸುತ್ತಾನೆ. ಒಂದು ದಿನ ಗುಡಾರದ ಬಾಗಿಲು ಸಿಡಿದು, ಗಿಡಗಳೆಲ್ಲ ಹಿಮಗಟ್ಟಿ ಸಾಯುತ್ತವೆ. ಅವನು ಬದುಕಿದ್ದಾನೆಂದು ತಿಳಿದ ಸಂಗಡಿಗರು, ಮನೆಯ ದಾರಿಯಲ್ಲಿದ್ದವರು, ಮೇಲಧಿಕಾರಿಗಳ ಮಾತನ್ನು ಮೀರಿ, ತಮ್ಮ ಪ್ರಯಾಣಕ್ಕೆ ಐನೂರಕ್ಕೂ ಮಿಕ್ಕ ದಿನಗಳನ್ನು ಕೂಡಿಸಿಕೊಂಡು ಅವನಿಗೋಸ್ಕರ ತಿರುಗುತ್ತಾರೆ. ಚೀನಾ ದೇಶದವರೂ ತಮ್ಮ ರಾಕೆಟ್ಟನ್ನು ಕೊಡುತ್ತಾರೆ. ನೌಕೆಯ ನಾಯಕಿ ಒಬ್ಬ ಸ್ತ್ರೀ. ಬಿಟ್ಟು ಹೊರಡಲು ಅಪ್ಪಣೆ ಕೊಟ್ಟವಳು ಅವಳೇ. ಕೊನೆಯಲ್ಲಿ ಅವನನ್ನು ಹಿಡಿದು ತರಲು ಬೇರೊಬ್ಬನು ಸಿದ್ಧನಾಗಿರುವಾಗ, ಅವಳು ಅವನನ್ನು ನಿಲ್ಲಿಸಿ, ತಾನೇ ಹಗ್ಗ ಕಟ್ಟಿಕೊಂಡು ಶೂನ್ಯಾಕಾಶಕ್ಕೆ ಇಳಿಯುತ್ತಾಳೆ.

ಮೊದಲನೆಯ ಚಿತ್ರದಲ್ಲಿ ನಲವತ್ತು ಮಂದಿಯನ್ನು ಉಳಿಸಲು ಲೋಕವನ್ನೇ ಬಿಟ್ಟರು. ಇದರಲ್ಲಿ ಒಬ್ಬನನ್ನು ಉಳಿಸಲು ಲೋಕವೇ ಎದ್ದು ನಿಂತಿತು. ನೂರರಲ್ಲಿ ತಪ್ಪಿಹೋದ ಒಂದು ಕುರಿಯ ಸಾಮ್ಯವನ್ನು ನಾವು ಬಾಲ್ಯದಿಂದ ಎಷ್ಟೋ ಸಲ ಕೇಳಿದ್ದೆವು, ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೆವು. ಕುರುಬನು ತಾನೇ ಹೋದನೆಂಬ ಮಾತು ಮಾತ್ರ ಆ ರಾತ್ರಿಯ ತನಕ ನಮ್ಮ ಕಿವಿಯೊಳಗೆ ಹೋಗಿರಲಿಲ್ಲ.

ದಸರೆಯ ರಜೆಯ ಮೊದಲನೆಯ ದಿನ ನಾವು ರಿಜಿಸ್ಟರಿನಿಂದ ವಿಳಾಸ ಬರೆದುಕೊಂಡು, ಎರಡು ಬಸ್ಸು ಬದಲಿಸಿ, ತೋಟಗಳ ನಡುವೆ ಮೂರು ಮೈಲು ನಡೆದು ಆ ಮನೆಗೆ ಹೋದೆವು. ಹುಡುಗಿಯು ಜಗಲಿಯಲ್ಲಿ ತಮ್ಮನನ್ನು ಮಡಿಲಲ್ಲಿ ಕೂಡ್ರಿಸಿಕೊಂಡು, ತಾಯಿ ಕಟ್ಟಿದ ಬೀಡಿಗಳಿಗೆ ನೂಲು ಸುತ್ತುತ್ತಿದ್ದಳು. ಹತ್ತಿರದ ಹೈಸ್ಕೂಲಿಗೆ ಹೊಳೆ ದಾಟಿ ಹೋಗಬೇಕಾದದರಿಂದ ಮಳೆಗಾಲದಲ್ಲಿ ಕಳುಹಿಸಲಿಲ್ಲವೆಂದೂ, ಆ ಮೇಲೆ ಹಾಗೆಯೇ ನಿಂತುಹೋಯಿತೆಂದೂ ತಾಯಿ ಹೇಳಿದರು. ಹಸುರು ಪೆಟ್ಟಿಗೆ ಮೂಲೆಯಲ್ಲಿತ್ತು; ಅದರಲ್ಲಿ ಬೀಡಿಯ ಎಲೆಗಳನ್ನು ಬೆಚ್ಚಗೆ ಇಟ್ಟಿದ್ದರು. ನಾವು ಬಂದ ಕಾರಣವನ್ನು ತಿಳಿಸಿದಾಗ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, “ಆಗ ಜಾಗ ಇಲ್ಲ ಅಂದಿರಲ್ಲ ಟೀಚರ್. ಈಗ ಎಲ್ಲಿಂದ ಬಂತು?” ಎಂದು ಕೇಳಿದರು. ಕೋಪದಿಂದ ಕೇಳಲಿಲ್ಲ, ತಿಳಿಯುವದಕ್ಕೋಸ್ಕರವೇ ಕೇಳಿದರು.

ಇದಕ್ಕೆ ನಮ್ಮಲ್ಲಿ ಮರ್ಯಾದೆಯ ಉತ್ತರವಿರಲಿಲ್ಲ. ಯಾವ ಮಂಚವೂ ಖಾಲಿಯಾಗಿರಲಿಲ್ಲ. ಎರಡು ಮಂಚಗಳನ್ನು ಒಟ್ಟಿಗೆ ದೂಡಿದರೆ ಮೂವರು ಮಲಗಬಹುದೆಂದು ಜೂನಿನಲ್ಲಿಯೂ ಕಾಣಬಹುದಾಗಿತ್ತು, ನಾವು ಕಾಣಲಿಲ್ಲ. ಹಾಗೆಂದೇ ಆಕೆಗೆ ಹೇಳಿ, ತಪ್ಪು ನಮ್ಮದೆಂದು ಒಪ್ಪಿಕೊಂಡೆವು. ಎಲೆಗಳನ್ನು ಗೋಣಿಚೀಲಕ್ಕೆ ಸುರಿದು, ಪೆಟ್ಟಿಗೆಯನ್ನು ಬಿಸಿಲಿಗೆ ಇಟ್ಟು ಒರಸಿದವಳು ಹುಡುಗಿಯೇ. ರಜೆ ಮುಗಿದ ದಿನ ತಾಯಿ ಅವಳನ್ನು ಕರೆತಂದು ಬಿಟ್ಟುಹೋದರು.

ಅವಳು ಈ ವರುಷ ತರಗತಿಗೆ ಮೊದಲಿಗಳಾದಳೆಂದು ಬರೆಯಲು ಸಾಧ್ಯವಿದ್ದರೆ ನಮಗೂ ಸಂತೋಷವಾಗುತ್ತಿತ್ತು. ನಾಲ್ಕು ತಿಂಗಳ ಪಾಠ ತಪ್ಪಿದ ಪೆಟ್ಟು ಇನ್ನೂ ಮಾಸಿಲ್ಲ. ಗಣಿತದಲ್ಲಿ ಈಗಲೂ ಕಷ್ಟಪಡುತ್ತಾಳೆ. ಸಂಜೆ ಒಂದು ಗಂಟೆ ದೊಡ್ಡ ಹುಡುಗಿಯೊಬ್ಬಳು ಜೊತೆಯಲ್ಲಿ ಕುಳಿತು ಹೇಳಿಕೊಡುತ್ತಾಳೆ. ಮೊದಲಿನ ವಾರಗಳಲ್ಲಿ ತಮ್ಮನನ್ನು ನೆನೆದು ರಾತ್ರಿ ಅಳುತ್ತಿದ್ದಳು. ಮುಂದೆ ಅವಳು ಏನಾಗುವಳು, ಲೋಕಕ್ಕೆ ಯಾತಕ್ಕೆ ಬೇಕಾಗುವಳು ಎಂಬದು ನಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅವಳನ್ನು ಬಿಡಲಾರೆವು. ಮರ್ಫಳ ಶಾಲೆಯವರಿಗೆ ಗೊತ್ತಿರಲಿಲ್ಲ. ಗಾಜಿನ ಮನೆ ಕಟ್ಟಿದವರಿಗೆ ಗೊತ್ತಿರಲಿಲ್ಲ. ನಮಗೆ ಮಾತ್ರ ಗೊತ್ತಿದೆಯೆಂದು ಗೆರೆ ಎಳೆಯುವ ಧೈರ್ಯ ಇನ್ನು ಬಾರದು.

ಹಾಗಾದರೆ ಈ ಜೂನಿನಲ್ಲಿ ಗೆರೆ ಎಳೆಯಲಿಲ್ಲವೋ ಎಂದು ತಾಯಿತಂದೆಗಳು ಕೇಳಬಹುದು. ಎಳೆದೆವು. ಮಾಡು ಇದ್ದಷ್ಟೇ ಇದೆ, ಅಕ್ಕಿ ಬರುವಷ್ಟೇ ಬರುತ್ತದೆ. ಬಂದವರೆಲ್ಲರನ್ನು ಸೇರಿಸಿಕೊಳ್ಳುವೆವೆಂದರೆ ಆ ವೃದ್ಧ ಪ್ರಾಧ್ಯಾಪಕನ ಸುಳ್ಳನ್ನು ನಾವೂ ಹೇಳಿದಂತಾಗುವದು. ಆದರೆ ಗೆರೆಯ ಕೆಳಗೆ ಉಳಿದ ಒಂದೊಂದು ಹೆಸರಿನ ಎದುರಿಗೂ ಈಗ ರಿಜಿಸ್ಟರಿನಲ್ಲಿ ಒಂದು ಅಂಕಣ ಹೆಚ್ಚಾಗಿದೆ: ಹುಡುಗಿ ಆ ಮೇಲೆ ಎಲ್ಲಿಗೆ ಸೇರಿದಳು ಎಂದು. ಆ ಅಂಕಣವು ತುಂಬುವ ತನಕ ನಾವೋ ನಮ್ಮ ಉಪಾಧ್ಯಾಯಿನಿಯರಲ್ಲಿ ಒಬ್ಬರೋ ಕಾಗದ ಬರೆಯುತ್ತೇವೆ, ಬೇಕಾದರೆ ಹೋಗಿ ವಿಚಾರಿಸುತ್ತೇವೆ. ಈ ಲೇಖನ ಬರೆಯುವ ಹೊತ್ತಿಗೆ ಐದು ಹೆಸರುಗಳ ಎದುರಿಗೆ ಅಂಕಣ ಖಾಲಿಯಿದೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೆ, ನೀವು ಈ ನಾವೆಯಲ್ಲಿ ಸ್ಥಳ ಸಿಕ್ಕಿದವರು. ಈಗ ಅನೇಕ ಊರುಗಳಲ್ಲಿ, ಕೆಲವರು ಪರದೇಶಗಳಲ್ಲಿಯೂ, ಸುಖವಾಗಿರುವಿರಿ. ನೀವು ಹುಟ್ಟಿದ ಊರಿನಲ್ಲಿಯೋ ನೆರೆಯಲ್ಲಿಯೋ, ನಿಮ್ಮ ಸಂಗಡ ಅರ್ಜಿ ಹಾಕಿ ಸ್ಥಳ ಸಿಗದೆ ಹಿಂತಿರುಗಿದ ಹುಡುಗಿಯೊಬ್ಬಳು ನಿಮ್ಮ ನೆನಪಿನಲ್ಲಿದ್ದರೆ, ಆಕೆ ಈಗ ಏನಾಗಿದ್ದಾಳೆ, ಆಕೆಯ ಮಕ್ಕಳು ಓದುತ್ತಿದ್ದಾರೋ ಎಂದು ವಿಚಾರಿಸಿ ನಮಗೆ ಒಂದು ಕಾಗದ ಬರೆಯಿರಿ. ಹಳೆಯ ರಿಜಿಸ್ಟರುಗಳು ಬೀರುವಿನಲ್ಲಿವೆ. ಅವುಗಳಲ್ಲಿಯೂ ಆ ಅಂಕಣವನ್ನು ಪೆನ್ಸಿಲಿನಿಂದ ಎಳೆದಿಟ್ಟಿದ್ದೇವೆ.